ಅತ್ತಿಯವರ ಪುತಳಿ ಸರ, ವೆನಿಸ್ಸಿನ ಟಂಕಸಾಲಿ

ನಾವು ಯುರೋಪಿಗೆ ಹೋಗಿ ಬಂದಾಗಿಂದ ಓಣ್ಯಾಗಿನವರೆಲ್ಲಾ ಒಂದ ಮಾತು ಕೇಳ್ತಾರ, "ವೆನಿಸ್ ಹೆಂಗದರಿ, ನೀರಾಗ ಮನಿ ಕಟ್ಟ್ಯಾರಂತಲ್ಲ?" ಹೌದ್ರಿ, ನೀರಾಗನ ಅದ. ದೋಣಿ, ಸೇತುವೆ, ಪಾರಿವಾಳ ಎಲ್ಲಾ ಫೋಟೋ ನಿಮ್ಮ ಮೊಬೈಲಿಗೆ ಬಂದಾವ, ಅದನ್ನ ಮತ್ತ ಬರೆಯಂಗಿಲ್ಲ. ನಾ ಬರೀಲಿಕ್ಕೆ ಕೂತದ್ದು ನಮ್ಮ ಅತ್ತಿಯವರ ಪುತಳಿ ಸರದ ಸುದ್ದಿ.

ನಮ್ಮತ್ತಿಯವರ ಸರದಾಗ 21 ಪುತಳಿ ಇದ್ವು. ಈಗಿನವರು ಪುತಳಿ ಮಾಡಿಸಿದ್ರ ಲಕ್ಷ್ಮೀ ಹೊಡಿಸ್ತಾರ. ಅವರದರಾಗ ಲಕ್ಷ್ಮೀ ಇದ್ದಿಲ್ಲ. ಒಂದು ಮೈಗೆ ಇಬ್ಬರು, ನಡುವ ಒಂದು ಕೋಲು. ಇನ್ನೊಂದು ಮೈಗೆ ಚುಕ್ಕಿ ನಡುವ ನಿಂತಂವ ಒಬ್ಬಂವ. ಅತ್ತಿಯವರು ಇಬ್ಬರಿಗೆ ರಾಮ ಲಕ್ಷ್ಮಣ ಅಂತಿದ್ರು. ಒಬ್ಬ ಯಾಕ ಮೊಣಕಾಲೂರಿ ಕೂತಾನ ಅಂತ ನಾವು ಯಾರೂ ಕೇಳಲಿಲ್ಲ. ಮೂರು ಮಂದಿ ಸೊಸ್ತ್ಯಾರಿಗೆ ಏಳೇಳು ಹಂಚಿದ್ರು. ನನ್ನ ಏಳನ್ನ ನಾನು ಮಗನ ಮುಂಜಿವಿಯೊಳಗ ಕರಗಿಸಿ ಪಾಟ್ಲಿ ಮಾಡಿಸಿದೆ. ಪತ್ತಾರ ಆವಾಗ ಹೇಳಿದ್ದ, "ಅವ್ವಾರ, ಇಂಥಾ ಬಂಗಾರ ಈಗ ಸಿಗಂಗಿಲ್ಲ, ಇದ್ದಾಂಗ ಇಟ್ಕೋರಿ" ಅಂತ. ನನಗ ಪಾಟ್ಲಿ ಬೇಕಾಗಿತ್ತು, ಕೇಳಲಿಲ್ಲ. ಅತ್ತಿಯವರು ಪಾಟ್ಲಿ ನೋಡಿ ಛಂದ ಆಗ್ಯಾವ ಅಂದ್ರು. ಆಮ್ಯಾಲೆ ಸಾವಕಾಶ ಕೇಳಿದ್ರು, "ಒಂದರೆ ಗೊಂಬಿ ಉಳಿಸೀ ಏನು?" ನಾ ಉಳಿಸಿದ್ದಿಲ್ಲ.

ಮಗ ಇರೋದು ಜರ್ಮನಿಯ ಮ್ಯೂನಿಕ್‌ನಾಗ. ಅಲ್ಲಿಂದ ರೈಲಿನಾಗ ವೆನಿಸ್ಸಿಗೆ ಹೋದ್ವಿ: ನಾವಿಬ್ಬರು, ಮಗ, ಸೊಸಿ, ಎಂಟು ವರ್ಷದ ಮೊಮ್ಮಗಳು. ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ವಿ. ಆದ್ರ ಸೇಂಟ್ ಮಾರ್ಕ್ ಚೌಕದಾಗ ಕೂತು ಬುತ್ತಿ ಬಿಚ್ಚೋಹಂಗಿಲ್ಲ, ದಂಡ ಹಾಕ್ತಾರ. ಹಸಗೊಂಡು ಅಲ್ಲೇ ಎದುರಿಗಿದ್ದ ಕೊರೆರ್ ಮ್ಯೂಸಿಯಮ್ಮಿಗೆ ಹೊಕ್ಕಿವಿ. ಡೋಜನ ಅರಮನಿ ಟಿಕೀಟಿನಾಗ ಅದೂ ಬರ್ತದ, ದುಡ್ಡು ಕೊಟ್ಟ ಮ್ಯಾಲೆ ಯಾಕ ಬಿಡೋದು ಅಂತ ನಮ್ಮನಿಯವರ ಲೆಕ್ಕಾಚಾರ. ಡೋಜ್ ಅಂದ್ರ ಆ ಊರಿನ ಮುಖ್ಯಸ್ಥ. ರಾಜಾ ಅಲ್ಲ, ದೊಡ್ಡ ಮನೆತನದವರು ಕೂಡಿ ಆರಿಸಿದಂವ.

ಅಲ್ಲಿ ನಾಣ್ಯದ ಗಾಜಿನ ಪೆಟಿಗಿ ಮುಂದ ಮೊಮ್ಮಗಳು ಕರದ್ಲು, "ಅಜ್ಜಿ, ಇಬ್ಬರು ಧ್ವಜ ಹಿಡಕೊಂಡಾರ ನೋಡು." ನೋಡ್ತೀನಿ, ರಾಮ ಲಕ್ಷ್ಮಣ! ಅದ ಕೋಲು, ಅದ ಮೊಣಕಾಲೂರಿ ಕೂತಂವ. ತಿರುಗಿಸಿಟ್ಟ ಇನ್ನೊಂದರಾಗ ಚುಕ್ಕಿ ನಡುವ ಒಬ್ಬಂವ. ನನಗ ಒಂದು ಗಳಿಗಿ ಮಾತ ಹೊರಡಲಿಲ್ಲ.

ಅದರ ಹೆಸರು ಡ್ಯುಕಾಟ್. ನಿಂತಂವ ಆ ಊರಿನ ಸಂತ ಮಾರ್ಕ್, ಕೂತಂವ ಡೋಜ್. ಸಂತ ಅವನ ಕೈಯಾಗ ಧ್ವಜ ಕೊಡಲಿಕ್ಕತ್ತಾನ. ಹಿಂದಿನ ಮೈಗೆ ಚುಕ್ಕಿ ನಡುವ ಯೇಸು. ಇಂಥಾ ನಾಣ್ಯ ಹೊಡೀಬೇಕಂತ ವೆನಿಸ್ಸಿನ ಸಭಾದಾಗ ಠರಾವ್ ಆದದ್ದು 1284ರಾಗ. ತೂಕ ಸುಮಾರು ಮೂರೂವರೆ ಗ್ರಾಂ, ಬಂಗಾರ ಹೆಚ್ಚೂಕಡಿಮಿ ಅಪರಂಜಿ. 1797ರಾಗ ನೆಪೋಲಿಯನ್ ಆ ರಾಜ್ಯ ಮುಗಿಸೋತನಕ, ಅಂದ್ರ 500 ವರ್ಷದ ಮ್ಯಾಲೆ, ಚಿತ್ರಾನೂ ಬದಲಿ ಮಾಡಲಿಲ್ಲ, ಬಂಗಾರಾನೂ ಕೆಡಿಸಲಿಲ್ಲ. ಡೋಜನ ಹೆಸರು ಮಾತ್ರ ಬದಲಿ ಆಗ್ತಿತ್ತು. ನಮ್ಮ ಪತ್ತಾರ ಕೈಯಾಗ ಹಿಡಿದ ಕೂಡ್ಲೆ "ಇಂಥಾದ್ದು ಸಿಗಂಗಿಲ್ಲ" ಅಂದದ್ದು ಸುಮ್ಮನ ಅಲ್ಲ.

ಅಷ್ಟು ದೂರದ ನಾಣ್ಯ ನಮ್ಮ ಕಡೆ ಬಂದದ್ದು ಮೆಣಸಿನ ಸಲುವಾಗಿ. ನಾವು ಬಾಣಂತಿ ಸಾರಿಗೆ ಹಾಕೋ ಕರಿ ಮೆಣಸು, ಅದ. ಕೇರಳದ್ದು, ನಮ್ಮ ಕರಾವಳೀದು. ಅರಬರ ಹಡಗಿನಾಗ ಕೆಂಪು ಸಮುದ್ರ ದಾಟಿ ಈಜಿಪ್ತಿನ ಅಲೆಕ್ಸಾಂಡ್ರಿಯಾಕ್ಕ ಹೋಗ್ತಿತ್ತು. ಅಲ್ಲಿ ವೆನಿಸ್ಸಿನವರು ಕೊಂಡು, ತಮ್ಮೂರಿಗೆ ಒಯ್ದು, ಜರ್ಮನಿಯವರಿಗೆ ಮಾರ್ತಿದ್ರು. ಆ ಜರ್ಮನ್ ವ್ಯಾಪಾರಸ್ಥರ ದೊಡ್ಡ ವಾಡೆ ಇನ್ನೂ ರಿಯಾಲ್ಟೋ ಸೇತುವೆ ಬಾಜೂಕ್ಕ ನಿಂತದ. ಮೆಣಸು ಆ ಕಡೆ ಹೋತು, ಅವರ ಬಂಗಾರ ಈ ಕಡೆ ಬಂತು. ಅವರ ಉಣ್ಣಿಯ ಅರಿವಿ ನಮ್ಮ ಬಿಸಲಾಗ ಯಾರಿಗೆ ಬೇಕಾಗಿತ್ತು, ಹೇಳ್ರಿ?

ವೆನಿಸ್ಸಿನ ಬಾಜೂಕ್ಕ ಕಿಯೋಜಾ ಅಂತ ಊರು. ಅಲ್ಲಿಯ ನಿಕೊಲೊ ಕೊಂಟಿ ಅನ್ನೋ ವ್ಯಾಪಾರಿ 1420ರ ಸುಮಾರಿಗೆ ನಮ್ಮ ವಿಜಯನಗರಕ್ಕ ಬಂದಿದ್ದ. ಹೆಂಡತಿ ಮಕ್ಕಳನ್ನ ಕಟಗೊಂಡು ವರ್ಷಾನುಗಟ್ಟಲೆ ತಿರುಗಿದಂವ. ತಿರುಗಿ ಊರಿಗೆ ಹೋಗೋ ಮುಂದ ಈಜಿಪ್ತಿನಾಗ ಪ್ಲೇಗ್ ಬಂದು ಹೆಂಡತಿ, ಇಬ್ಬರು ಮಕ್ಕಳು ತೀರಿಕೊಂಡ್ರು, ಪಾಪ. ಅಂವ ಹೇಳಿದ್ದನ್ನ ಪೋಪನ ಕಾರ್ಯದರ್ಶಿ ಬರದಿಟ್ಟಾನ. ಹಿಂದುಸ್ತಾನದ ಕೆಲವು ಕಡೆ ವೆನಿಸ್ಸಿನ ಡ್ಯುಕಾಟ್ ನಡೀತದ ಅನ್ನೋದೂ ಅದರಾಗ ಬಂದದ. ವಿಜಯನಗರದ ವರಹಾನೂ ಸುಮಾರು 3.4 ಗ್ರಾಂ. ಎರಡೂ ತಕ್ಕಡಿಯಾಗ ಹೆಚ್ಚೂಕಡಿಮಿ ಸರೀಗೆ ಸರಿ.

1498ರಾಗ ವಾಸ್ಕೊ ಡ ಗಾಮಾ ಕ್ಯಾಲಿಕಟ್ಟಿಗೆ ಬಂದಾಗ ವೆನಿಸ್ಸಿನವರ ಎದಿ ಝಲ್ ಅಂದಿತ್ತು. ಪೋರ್ಚುಗೀಸರು ನೆಟ್ಟಗ ಹಡಗಿನಾಗ ಮೆಣಸು ಒಯ್ದ್ರ ನಮ್ಮ ಗತಿ ಏನು ಅಂತ. ಜಿರೊಲಾಮೊ ಪ್ರಿಯುಲಿ ಅನ್ನೋ ಸಾಹುಕಾರ ಆ ದಿಗಿಲನ್ನ ತನ್ನ ದಿನಚರಿಯೊಳಗ ಬರದಾನ. ಹಂಗಂತ ಕೂಡ್ಲೆ ಮುಳುಗಲಿಲ್ಲ. 16ನೇ ಶತಮಾನದ ನಡುವ ಹಳೇ ದಾರಿಯ ವ್ಯಾಪಾರ ಮತ್ತ ಚಿಗರಿತು. ಈ ಕಡೆ ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಹೆಸರಿಟ್ಟದ್ದೂ ಅದ ಶತಮಾನದಾಗ.

ಮುಂದ ಈ ಡ್ಯುಕಾಟಿಗೇ ಮರಾಠಿ ಸೀಮಿಯೊಳಗ, ನಮ್ಮ ಕಡೆ, ಪುತಳಿ ಅಂದ್ರು. ಪುತ್ಥಳಿ ಅಂದ್ರ ಗೊಂಬಿ, ಗೊಂಬಿ ಇದ್ದದ್ದಕ್ಕ ಪುತಳಿ. ಹೆಣ್ಣುಮಕ್ಕಳು ಕೊಂಡಿ ಬೆಸಿಸಿ ಕೊರಳಿಗೆ ಹಾಕ್ಕೊಂಡ್ರು. ಛಂದ ಕಾಣ್ತದ ಅನ್ನೋದಷ್ಟ ಅಲ್ಲ. ಹೊಲ, ಮನಿ ಗಂಡಸರ ಹೆಸರಿಗೆ, ಕೊರಳಾಗಿಂದು ತನ್ನದು. ಬರಗಾಲದಾಗ ಒಂದೊಂದ ಪುತಳಿ ಬಿಚ್ಚಿ ಮಾರಲಿಕ್ಕೆ ಬರ್ತಿತ್ತು, ಇಡೀ ಸರ ಮುರೀಬೇಕಂತಿಲ್ಲ. ಬೇಡಿಕಿ ಹೆಚ್ಚಾದಂಗ ನಮ್ಮ ಕಡೆಯವರ ಅಂಥಾದ್ದ ನಾಣ್ಯ ಹೊಡೀಲಿಕ್ಕೆ ಶುರು ಮಾಡಿದ್ರು. ಗೊಂಬಿ ನೋಡಿ ಗೊಂಬಿ ಹೊಡದ್ರು. ಲ್ಯಾಟಿನ್ ಓದಲಿಕ್ಕೆ ಬರದೇ ಇದ್ದವರು ಅಕ್ಷರದ ಜಾಗಾದಾಗ ಗೀರು, ಚುಕ್ಕಿ ಹಾಕಿದ್ರು.

ಸಂಜೀಕೆ ನೀರಿನ ದಂಡಿಗೆ ಬಂದ್ವಿ. ಅರಮನಿ ಎದುರಿಗೆ ಕಲ್ಲಿನ ಗಟ್ಟಿ ಕಟ್ಟಡ ಒಂದದ. ಅದ ಹಳೇ ಟಂಕಸಾಲಿ. ಸಾನ್ಸೊವಿನೊ ಅನ್ನೋ ಶಿಲ್ಪಿ 16ನೇ ಶತಮಾನದಾಗ ಕಟ್ಟಿದ್ದು. ಒಲಿ ಉರಿಯೋ ಜಾಗಾ, ಬೆಂಕಿ ಹತ್ತಬಾರದಂತ ಎಲ್ಲಾ ಕಲ್ಲಿನ ಕಮಾನು. ಈಗ ಅಲ್ಲಿ ಗ್ರಂಥಾಲಯ ಅದ. ಟಂಕಸಾಲಿಗೆ ಅವರು ಜೆಕ್ಕಾ ಅಂತಾರ, ಅರಬ್ಬಿಯ ಸಿಕ್ಕಾ ಶಬ್ದದಿಂದ ಬಂದದ್ದು. ನಾವು ಕಚೇರಿಯೊಳಗ ಕಾಗದಕ್ಕ ಸಿಕ್ಕಾ ಹೊಡಿಸ್ಕೊಂಡು ಬಾ ಅಂತೀವಲ್ಲ, ಅದ ಸಿಕ್ಕಾ! ನಾ ಆ ಗ್ವಾಡಿಗೆ ಕೈ ಹಚ್ಚಿ ನಿಂತೆ. ನಮ್ಮನಿಯವರು, "ಕಾಲು ನೋವೇನ?" ಅಂದ್ರು. ಹೌದು ಅಂದೆ.

ರಾತ್ರಿ ರೂಮಿಗೆ ಬಂದು ಹುಬ್ಬಳ್ಳಿ ವೈನಿಗೆ ವಿಡಿಯೋ ಫೋನ್ ಮಾಡಿದೆ. ಅಲ್ಲಿ ನಡುರಾತ್ರಿ ಆಗಿತ್ತು, ಬೈದ್ರು. ಅವರ ಮಗಳ ಲಗ್ನ ಮಾರ್ಗಶಿರದಾಗ, ತಮ್ಮ ಏಳು ಪುತಳಿ ಕರಗಿಸಿ ನೆಕ್ಲೆಸ್ ಮಾಡಿಸೋರಿದ್ರು. ಡಬ್ಬಿ ತಗಸಿದೆ, ಚಾಳೀಸು ಹಾಕ್ಕೊಳ್ಳಿಕ್ಕೆ ಹಚ್ಚಿದೆ. ಧ್ವಜದ ಕೋಲಿನ ಬಾಜೂಕ್ಕ ಮ್ಯಾಲಿಂದ ಕೆಳಗ ಡಿ, ವಿ, ಎಕ್ಸ್ ಇರಬೇಕು, ನೋಡ್ರಿ ಅಂದೆ. ಒಂದೊಂದ ತಿರುವಿ ತಿರುವಿ ನೋಡಿದ್ರು.

"ಇದರಾಗ ಬರೇ ಇರವಿ ಹರದಾಡಿದಂಗದ. ಇದರಾಗೂ ಅದ. ಇದು ಸವದು ಹೋಗೇದ." ಆರು ಆದ್ವು. ಏಳನೇದ್ದಕ್ಕ ತಡದ್ರು. "ಇದರಾಗ ಅಕ್ಷರ ಅವ. ಡಿ, ವಿ, ಎಕ್ಸ್. ದಂಡಿಗೆ ಎಂ, ಎ, ಎನ್, ಐ, ಎನ್."

ಮಾನಿನ್. ಲುಡೊವಿಕೊ ಮಾನಿನ್, ಕಡೀ ಡೋಜ್. 1797ರ ಮೇ 12ಕ್ಕ ಅಧಿಕಾರ ಬಿಟ್ಟು ಮನಿಗೆ ಹೋಗಿ, ಇನ್ನ ಇದು ಬೇಕಾಗಂಗಿಲ್ಲ ಅಂತ ತಲಿಯ ಅರಿವಿ ಟೊಪ್ಪಿಗಿ ಆಳಿನ ಕೈಯಾಗ ಕೊಟ್ಟ ಅಂತ ಸುದ್ದಿ ಹೇಳ್ತಾರ. ಅದನ್ನೆಲ್ಲಾ ವೈನಿಗೆ ಹೇಳಿದೆ. ಸುಮ್ಮನ ಕೇಳಿದ್ರು.

"ಹಂಗಾರ ಇದೊಂದ ತಗದಿಡ್ತೀನಿ," ಅಂದ್ರು. "ಉಳಿದ ಆರು ಪತ್ತಾರಗ ಕೊಡ್ತೀನಿ. ಲಗ್ನ ಅದ ನೋಡು."

ಅವನ್ನೂ ಇಡ್ರಿ ವೈನಿ, ಅವು ನಮ್ಮ ಕಡೆಯವರ ಹೊಡದದ್ದು, ಅಂತ ಹೇಳಬೇಕು ಅನ್ನಿಸ್ತು. ಕೈಯಾಗಿನ ಪಾಟ್ಲಿ ಕಂಡ್ವು, ಬಾಯಿ ಮುಚ್ಚಿದೆ.