ಘಟ್ಟದಿಂದ ಗೇಟಿನವರೆಗೆ: ಬೆಳಗಾವಿಯ ಸಾಗಣೆಯ ಲೆಕ್ಕ

ಟಿಳಕವಾಡಿಯಲ್ಲಿ ವಿಳಾಸ ಕೇಳಿದರೆ ಮೊದಲನೇ ಗೇಟು, ಎರಡನೇ ಗೇಟು, ಮೂರನೇ ಗೇಟು ಎಂಬ ಉತ್ತರ ಬರುತ್ತದೆ. ರಸ್ತೆ ರೈಲು ಹಳಿಯನ್ನು ದಾಟುವ ಜಾಗಗಳೇ ಇಲ್ಲಿ ಊರಿನ ಗುರುತುಗಳು. ಈ ಹೆಸರುಗಳ ಹಿಂದೆ ಬೆಳಗಾವಿಯ ವ್ಯಾಪಾರದ ಹಳೆಯ ಪ್ರಶ್ನೆಯೊಂದಿದೆ. ಸಾಗಣೆಯ ಖರ್ಚನ್ನು ಹೊರುವವರು ಯಾರು?

ರೈಲು ಬರುವ ಮೊದಲು ಬೆಳಗಾವಿಗೆ ಹತ್ತಿರದ ಬಂದರು ವೆಂಗುರ್ಲಾ. ಕರಾವಳಿಯ ಉಪ್ಪು, ತೆಂಗು ಘಟ್ಟ ಹತ್ತಿ ಬರುತ್ತಿದ್ದವು. ಬಯಲುಸೀಮೆಯ ಹತ್ತಿ, ಧಾನ್ಯ ಇಳಿದು ಹೋಗುತ್ತಿದ್ದವು. ಮೊದಲು ಲಂಬಾಣಿಗಳ ಹೇರಿನ ಎತ್ತುಗಳು, ಬಳಿಕ ರಾಮಘಟ್ಟ ಮತ್ತು ಆಂಬೋಲಿ ಘಟ್ಟದ ರಸ್ತೆಗಳಲ್ಲಿ ಗಾಡಿಗಳು ಈ ಸರಕನ್ನು ಹೊತ್ತವು. ಉಪ್ಪಿನ ಬೆಲೆಯಲ್ಲಿ ಎತ್ತಿನ ಮೇವು, ಗಾಡಿಯವನ ಕೂಲಿ, ದಾರಿಯ ಸುಂಕ ಎಲ್ಲವೂ ಸೇರಿರುತ್ತಿದ್ದವು. ಮಳೆಗಾಲದಲ್ಲಿ ಸಮುದ್ರವೂ ಘಟ್ಟವೂ ಒಟ್ಟಿಗೆ ಮುನಿಯುತ್ತಿದ್ದವು.

1876-78ರ ಬರದಲ್ಲಿ ಈ ವ್ಯವಸ್ಥೆಯ ದೌರ್ಬಲ್ಯ ಬಯಲಾಯಿತು. ಕರಾವಳಿಯ ಬಂದರುಗಳಿಗೆ ಧಾನ್ಯ ಬಂದರೂ ಅದನ್ನು ಒಳನಾಡಿಗೆ ಎಳೆದು ತರಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಸಾಯುತ್ತಿದ್ದವು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ತೀವ್ರವಾಗಿ ನರಳಿದವು. ಸಾಗಣೆಯ ಖರ್ಚನ್ನು ಆಗ ಜನರು ಪ್ರಾಣದಿಂದ ತೆತ್ತರು.

ಈ ಅನುಭವದಿಂದಲೇ ದಕ್ಷಿಣ ಮರಾಠಾ ರೈಲ್ವೆಯ ಯೋಜನೆ ಗಟ್ಟಿಯಾಯಿತು. 1882ರಲ್ಲಿ ಕಂಪನಿ ಹುಟ್ಟಿತು. 1880ರ ದಶಕ ಮುಗಿಯುವುದರೊಳಗೆ ರೈಲು ಬೆಳಗಾವಿಗೆ ಬಂದಿತು. ಖಾನಾಪುರ ತಾಲೂಕಿನ ಲೋಂಡಾ ಜಂಕ್ಷನ್ ಆಗಿ, ಅಲ್ಲಿಂದ ಗೋವೆಯ ಮರ್ಮಗೋವಾ ಬಂದರಿಗೆ ದಾರಿ ತೆರೆಯಿತು. ಬಾಡಿಗೆ ಇಳಿಯಿತು, ಬರದ ಭಯ ತಗ್ಗಿತು. ಇದು ಸಣ್ಣ ಉಪಕಾರವಲ್ಲ. ಆದರೆ ವೆಂಗುರ್ಲಾದ ವ್ಯಾಪಾರ ಸೊರಗಿತು. ಘಟ್ಟದ ಗಾಡಿಯನ್ನೇ ನಂಬಿ ಬದುಕಿದವರ ದುಡಿಮೆ ಕರಗಿತು.

ಮೇಲಾಗಿ, ರೈಲು ಸರಕನ್ನು ನಿಲ್ದಾಣದವರೆಗೆ ಮಾತ್ರ ತಂದಿತು. ಅಲ್ಲಿಂದ ರವಿವಾರ ಪೇಟೆಯ ಅಂಗಡಿಗೆ ಅದನ್ನು ಮುಟ್ಟಿಸಿದ್ದು ಹಮಾಲಿಯ ಬೆನ್ನು, ಕೈಗಾಡಿ ಮತ್ತು ಎತ್ತಿನಗಾಡಿ. ನೂರಾರು ಮೈಲಿಯ ಸಾಗಣೆ ಅಗ್ಗವಾದರೂ ಕೊನೆಯ ಒಂದು ಮೈಲಿ ಮನುಷ್ಯನ ಮೈಮೇಲೆಯೇ ಉಳಿಯಿತು.

1924ರ ಡಿಸೆಂಬರಿನಲ್ಲಿ ಟಿಳಕವಾಡಿ ದೇಶದ ಗಮನ ಸೆಳೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಇಲ್ಲಿ ನಡೆಯಿತು. ಅದೇ ವೇಳೆ ಬೆಳಗಾವಿಯಲ್ಲಿ ಡಾ. ಸೈಫುದ್ದೀನ್ ಕಿಚ್ಲೂ ಅವರ ಅಧ್ಯಕ್ಷತೆಯಲ್ಲಿ ಖಿಲಾಫತ್ ಸಮ್ಮೇಳನವೂ ಜರುಗಿತು. ಬಂದವರ ನೀರಿಗಾಗಿ ತೋಡಿದ ಬಾವಿಗೆ ತಗುಲಿದ ಖರ್ಚು 4,370 ರೂಪಾಯಿ 3 ಆಣೆ. ಸಾರ್ವಜನಿಕ ಹಣಕ್ಕೆ ಆಣೆಯವರೆಗೂ ಲೆಕ್ಕವಿದ್ದ ಕಾಲವದು. ಆ ಬಾವಿ ಇಂದಿಗೂ ಕಾಂಗ್ರೆಸ್ ಬಾವಿ ಎಂದೇ ಪ್ರಸಿದ್ಧ.

ಮುಂದೆ ಟಿಳಕವಾಡಿ ಬೆಳೆಯಿತು. ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳು ಬಂದವು, ಖಾನಾಪುರ ರಸ್ತೆಯಲ್ಲಿ ಲಾರಿಗಳು ಹೆಚ್ಚಿದವು. ಒಂದು ಕಾಲದಲ್ಲಿ ಊರಿನಾಚೆ ಹಾದುಹೋಗಿದ್ದ ಹಳಿ ಈಗ ಊರಿನ ನಡುವೆ ಬಂದಿದೆ. ಗೇಟು ಬಿದ್ದಾಗ ಲಾರಿಯೂ ನಿಲ್ಲುತ್ತದೆ, ರಿಕ್ಷಾವೂ ನಿಲ್ಲುತ್ತದೆ. ಲಾರಿಯ ಮಾಲೀಕ ಆ ಹೊತ್ತಿನ ಡೀಸೆಲನ್ನು ಬಾಡಿಗೆಗೆ ಸೇರಿಸಬಲ್ಲ. ವ್ಯಾಪಾರಿ ಬಾಡಿಗೆಯನ್ನು ಬೆಲೆಗೆ ಸೇರಿಸಬಲ್ಲ. ತರಕಾರಿ ಗಾಡಿ ತಳ್ಳುವವನು ಬಾಡಿದ ಸೊಪ್ಪನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ದಿನಗೂಲಿಯವನು ತಡವಾದ ಅರ್ಧ ಗಂಟೆಯನ್ನು ಯಾರಿಂದ ವಸೂಲು ಮಾಡಬೇಕು?

ಮೇಲ್ಸೇತುವೆಗಳು ಬೇಕು, ಕೆಲವು ಬಂದಿವೆ ಕೂಡ. ಆದರೆ ಸೇತುವೆ ಕಟ್ಟುವಾಗ ಚಕ್ರದ ವೇಗವನ್ನಷ್ಟೇ ಅಳೆದರೆ ಸಾಲದು, ಕಾಲ್ನಡಿಗೆಯವನ ಸುತ್ತುದಾರಿಯನ್ನೂ ಅಳೆಯಬೇಕು. ಕೂಲಿಯವನ ಬೆವರು ಆರುವ ಮೊದಲೇ ಅವನ ಹಕ್ಕು ಸಲ್ಲಬೇಕೆಂಬ ಪ್ರವಾದಿ ಬೋಧನೆ ನಮಗೆ ಗೊತ್ತಿದೆ. ಅವನ ಸಮಯವೂ ಆ ಹಕ್ಕಿನ ಒಂದು ಭಾಗವೇ. ಬಾವಿಯ ಖರ್ಚನ್ನು ಆಣೆಯವರೆಗೆ ಬರೆದಿಟ್ಟ ಊರಿಗೆ ಈ ಲೆಕ್ಕವೂ ಅಸಾಧ್ಯವಲ್ಲ.