ಬಳೇಪೇಟೆಯಲ್ಲಿ ತಾತನ ಫೋಟೊಗೆ ಕಟ್ಟು ಹಾಕಿಸಿದ್ದು

ನಮ್ಮ ಮನೆಯಲ್ಲಿ ತಾತನದು ಅಂತ ಇದ್ದದ್ದು ಒಂದೇ ಫೋಟೊ. ಅದೂ ಮತದಾರರ ಗುರುತಿನ ಚೀಟಿಯದು. ಹೋದ ವರ್ಷ ತಿಥಿಗೆ ಮುಂಚೆ ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸೋಣ ಅಂತ ಬೆಂಗಳೂರಿನ ಬಳೇಪೇಟೆಗೆ ಹೋದೆ. ಅಂಗಡಿಯವರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಬೇರೆ ಯಾವ್ದೂ ಇಲ್ವಾ ಸಾರ್? ಮದುವೆದು, ಜಾತ್ರೆದು?" ಅಂದರು. ಇರಲಿಲ್ಲ. ಎಪ್ಪತ್ತು ವರ್ಷ ಬದುಕಿದ ಮನುಷ್ಯ ಕ್ಯಾಮೆರಾ ಮುಂದೆ ಕೂತದ್ದು ಒಂದೇ ಸಲ, ಅದೂ ಸರ್ಕಾರ ಕರೆದಿದ್ದಕ್ಕೆ. ಮುಖ ಬಿಗಿದುಕೊಂಡೇ ಕೂತಿದ್ದಾರೆ.

ಕಟ್ಟು ಆಗುವವರೆಗೆ ಬೀದಿ ಸುತ್ತಿದೆ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಇದು. ಬಳೆ ಮಾರುವವರದು ಬಳೇಪೇಟೆ, ಅಕ್ಕಿಯವರದು ಅಕ್ಕಿಪೇಟೆ, ಹತ್ತಿಯವರದು ಅರಳೆಪೇಟೆ, ಕುಂಬಾರರದು ಕುಂಬಾರಪೇಟೆ. ಕಸುಬಿಗೊಂದು ಬೀದಿ, ಅಪ್ಪನಿಂದ ಮಗನಿಗೆ ಕಸುಬು. ಫೋಟೊಪೇಟೆ ಅಂತ ಮಾತ್ರ ಒಂದಿಲ್ಲ. ಯಾವ ಕುಲಕ್ಕೂ ಸೇರದೆ, ತಡವಾಗಿ ಬಂದ ಕಸುಬು ಅದು. ಹಾಗಾದರೆ ಅದನ್ನು ಯಾರು ಕಲಿತರು, ಎಲ್ಲಿ ಕಲಿತರು, ಅದರಲ್ಲಿ ಹೇಗೆ ಹೊಟ್ಟೆ ಹೊರೆದರು? ನಾನೂ ಫೋಟೊ ತೆಗೆದೇ ಅರ್ಧ ಸಂಸಾರ ನಡೆಸುವವನು. ಹಾಗಾಗಿ ಆ ಪ್ರಶ್ನೆ ಅವತ್ತಿನಿಂದ ಬಿಟ್ಟಿಲ್ಲ.

ಫೋಟೊ ವಿದ್ಯೆ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. ನಮ್ಮ ಕಡೆ ಮೊದಮೊದಲು ಕ್ಯಾಮೆರಾ ತಿರುಗಿದ್ದು ಜನರ ಕಡೆಗಲ್ಲ, ಕಲ್ಲಿನ ಕಡೆಗೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಚಿತ್ರಗಳನ್ನು ತೆಗೆದ, ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ. ಬಿಗ್ಸ್, ಪಿಗೌ, ನೀಲ್ ಎಂಬುವರು ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳನ್ನು ತೆಗೆದರು. ಆ ಚಿತ್ರಗಳು 1866ರಲ್ಲಿ ಪುಸ್ತಕವಾಗಿಯೂ ಬಂದವು. ಇವರೆಲ್ಲ ಸೈನ್ಯದವರು, ಡಾಕ್ಟರುಗಳು. ಸಂಬಳ ಬೇರೆ ಕಡೆಯಿಂದ ಬರುತ್ತಿತ್ತು.

ದುಡ್ಡು ಕೊಟ್ಟು ಮುಖ ತೆಗೆಸಿಕೊಳ್ಳುವ ವ್ಯಾಪಾರ ಆಮೇಲೆ ಸ್ಟುಡಿಯೊಗಳ ಜೊತೆ ಬೆಳೆಯಿತು. ಬೆಂಗಳೂರಿನ ಜಿ.ಕೆ. ವೇಲ್ ತನ್ನ ಹೆಸರಿನ ಜೊತೆಗೆ 1910 ಅಂತ ಬರೆದುಕೊಳ್ಳುತ್ತದೆ. ಸ್ಟುಡಿಯೊದಲ್ಲಿ ವಿದ್ಯೆ ಕಲಿಯಬೇಕಾದರೆ ಪೊರಕೆಯಿಂದಲೇ ಶುರು. ನೆಲ ಗುಡಿಸು, ಪರದೆ ಎತ್ತು, ಪ್ರಿಂಟ್ ತೊಳೆದು ಒಣಹಾಕು. ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಹೈಪೊ ವಾಸನೆ ಕುಡಿಯುತ್ತಾ ಒಂದೆರಡು ವರ್ಷ ಕಳೆದ ಮೇಲೆ ಚೂಪಾದ ಪೆನ್ಸಿಲ್ ಕೈಗೆ ಬರುತ್ತಿತ್ತು. ನೆಗೆಟಿವ್ ಮೇಲೆ ಆ ಪೆನ್ಸಿಲ್ ಆಡಿಸಿ ಗಿರಾಕಿಯ ಮುಖದ ಕಲೆ, ಸುಕ್ಕು ಮರೆಸಬೇಕು. ಈಗ ಮೊಬೈಲು ಮಾಡುವ 'ಬ್ಯೂಟಿ' ಕೆಲಸವನ್ನು ಆಗ ಹದಿನಾರರ ಹುಡುಗರು ಕಣ್ಣು ಕೀಳಿಸಿಕೊಂಡು ಮಾಡುತ್ತಿದ್ದರು.

ಪೊರಕೆ ಹಿಡಿಯದೆ ಕಲಿಯುವ ದಾರಿಯೊಂದು 1943ರಲ್ಲಿ ತೆರೆಯಿತು. ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರು ಮಾಡಿತು. ಈಗ ಎಸ್.ಜೆ. ಪಾಲಿಟೆಕ್ನಿಕ್ ಅನ್ನುತ್ತಾರಲ್ಲ, ಕೆ.ಆರ್. ವೃತ್ತದ ಹತ್ತಿರ, ಅದೇ. ಬಳೇಪೇಟೆಯಿಂದ ಮೈಸೂರ್ ಬ್ಯಾಂಕ್ ವೃತ್ತದ ಮೇಲೆ ನಡೆದೇ ಹೋಗಬಹುದು. ಹೆಸರು ನೋಡಿ: ಕಾಲೇಜಲ್ಲ, ಕಸುಬಿನ ಸಂಸ್ಥೆ. ಸಿನಿಮಾ ಛಾಯಾಗ್ರಹಣವನ್ನೂ ಕಸುಬು ಅಂತಲೇ ಲೆಕ್ಕ ಹಿಡಿದು ಅಲ್ಲಿ ಡಿಪ್ಲೊಮಾ ಕೊಟ್ಟರು.

ಅಲ್ಲಿಗೆ ಬಂದವರಲ್ಲಿ ಮೈಸೂರಿನ ಒಬ್ಬ ಹುಡುಗ, ವಿ.ಕೆ. ಮೂರ್ತಿ. 1923ರಲ್ಲಿ ಹುಟ್ಟಿದವರು, ಪಿಟೀಲು ಬಲ್ಲವರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. 1946ರಲ್ಲಿ ಡಿಪ್ಲೊಮಾ ಮುಗಿಸಿ ಬೊಂಬಾಯಿಗೆ ಹೋದರು. ಡಿಪ್ಲೊಮಾ ಇದ್ದರೂ ಅಲ್ಲಿ ಮತ್ತೆ ಸಹಾಯಕನ ಕೆಲಸವೇ! ಅದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು, ಸುಳ್ಳು ಹೇಳಲಾರೆ. 'ಬಾಜಿ' (1951) ಚಿತ್ರೀಕರಣದಲ್ಲಿ ಕನ್ನಡಿ ಬಳಸಿದ ಒಂದು ಕಷ್ಟದ ಶಾಟನ್ನು ಸಹಾಯಕರಾಗಿದ್ದ ಮೂರ್ತಿ ತೆಗೆದು ತೋರಿಸಿದರು. ನಿರ್ದೇಶಕ ಗುರುದತ್ (ಅವರು ಹುಟ್ಟಿದ್ದೂ ಬೆಂಗಳೂರಿನಲ್ಲೇ) ಇವರನ್ನು ಮುಂದೆ ಬಿಡಲೇ ಇಲ್ಲ. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಖಾಲಿ ಸ್ಟುಡಿಯೊದೊಳಗೆ ಮೇಲಿನಿಂದ ಕಂಬದ ಹಾಗೆ ಇಳಿಯುವ ಬೆಳಕು ನೆನಪಿದೆಯಾ? ದೊಡ್ಡ ಕನ್ನಡಿಗಳಿಂದ ಬಿಸಿಲನ್ನೇ ತಿರುಗಿಸಿ ಒಳಗೆ ತಂದದ್ದು ಅದು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಕ್ಯಾಮೆರಾದವರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. 1962ರಲ್ಲಿ ಅದೇ ಸಂಸ್ಥೆಯಿಂದ ಹೊರಬಂದ ಗೋವಿಂದ ನಿಹಲಾನಿ ಇದೇ ಮೂರ್ತಿಯವರ ಕೈಕೆಳಗೆ ಪಳಗಿದರು.

ಪತ್ರಿಕೆಯವರ ದಾರಿ ಬೇರೆ. ಮೈಸೂರಿನ ಟಿ.ಎಸ್. ಸತ್ಯನ್, ಅವರೂ 1923ರಲ್ಲೇ ಹುಟ್ಟಿದವರು, 'ಡೆಕ್ಕನ್ ಹೆರಾಲ್ಡ್' ಶುರುವಾದ 1948ರಲ್ಲೇ ಅಲ್ಲಿ ಛಾಯಾಗ್ರಾಹಕರಾದರು. ಆಮೇಲೆ ಬೊಂಬಾಯಿಯ 'ಇಲಸ್ಟ್ರೇಟೆಡ್ ವೀಕ್ಲಿ'. ಆಮೇಲೆ ಸಂಬಳ ಬಿಟ್ಟು ಸ್ವತಂತ್ರವಾಗಿ 'ಲೈಫ್'ನಂಥ ವಿದೇಶಿ ಪತ್ರಿಕೆಗಳಿಗೆ, ಯುನಿಸೆಫ್‌ಗೆ, ಸಿಡುಬು ನಿರ್ಮೂಲನೆಯ ಕೆಲಸದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಫೋಟೊ ತೆಗೆದುಕೊಟ್ಟರು. 1977ರಲ್ಲಿ ಪದ್ಮಶ್ರೀ. ತಿಂಗಳ ಸಂಬಳವಿಲ್ಲದೆ, ಚಿತ್ರಕ್ಕೆ ಇಷ್ಟು ಅಂತ ಬದುಕುವುದೇನು ಅಂತ ಸ್ಟ್ರಿಂಗರ್‌ಗಳಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ಕಳಿಸಿದ ಕೆರೆ ಒಡೆದ ಫೋಟೊ ಒಂದು ಪತ್ರಿಕೆಯ ಮುಖಪುಟದಲ್ಲಿ ಬಂದಿತ್ತು, ಹೆಸರಿಲ್ಲದೆ. ದುಡ್ಡು ಇವತ್ತಿಗೂ ಬಂದಿಲ್ಲ.

ಹಳ್ಳಿಯ ಕಥೆಗೆ ಬರೋಣ. ನಮ್ಮ ಹೋಬಳಿಯ ಸ್ಟುಡಿಯೊದವರು ಪೇಟೆಯಲ್ಲಿ ಪೊರಕೆ ಹಿಡಿದೇ ಕಲಿತು ಬಂದವರು. ಅವರು ಹೇಳುವ ಲೆಕ್ಕ ಕೇಳಿ. ದೊಡ್ಡ ರೋಲಿನಲ್ಲಿ 12 ಚೌಕ ಚಿತ್ರ, ಸಣ್ಣ ರೋಲಿನಲ್ಲಿ 36. ಮದುವೆಗೆ ಎರಡು ರೋಲು ಮಾತಾಡಿಕೊಂಡಿದ್ದರೆ ಧಾರೆ, ತಾಳಿ, ಸಪ್ತಪದಿಗೆ ಉಳಿಸಿಕೊಳ್ಳಬೇಕು. ಆದರೆ ಸೋದರಮಾವನ ಕಡೆಯವರೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ. ಬೇಡ ಅನ್ನುವ ಹಾಗಿಲ್ಲ. "ಅಂಥವರಿಗೆ ಖಾಲಿ ಫ್ಲ್ಯಾಶ್ ಹೊಡೀತಿದ್ದೆ ಕಣಪ್ಪ. ಬೆಳಕು ಬಿತ್ತಲ್ಲ, ಅವರಿಗೂ ಖುಷಿ" ಅಂತ ನಗುತ್ತಾರೆ. ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯುತ್ತಿದ್ದರು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಮಾಲು ಅಗ್ಗಕ್ಕೆ ಸಿಗುತ್ತಿತ್ತು. ಕಲರ್ ಬಂದ ಮೇಲೆ ರೋಲು ಹಿಡಿದು ಬೆಂಗಳೂರಿನ ಲ್ಯಾಬಿಗೆ ಬಸ್ಸು ಹತ್ತಬೇಕಾಯಿತು. ಲಾಭದಲ್ಲಿ ಬಸ್ ಚಾರ್ಜೂ ಕಳೆಯಿತು.

ಕಸುಬನ್ನು ಕಾಪಾಡಿದ್ದು ಮದುವೆಗಿಂತ ಪಾಸ್‌ಪೋರ್ಟ್ ಸೈಜು. ಹಾಲ್‌ಟಿಕೆಟ್‌ಗೆ ಬೇಕು, ಬ್ಯಾಂಕಿಗೆ ಬೇಕು. 1993ರಲ್ಲಿ ಟಿ.ಎನ್. ಶೇಷನ್ ಅವರ ಚುನಾವಣಾ ಆಯೋಗ ಫೋಟೊ ಇರುವ ಗುರುತಿನ ಚೀಟಿಗೆ ಆದೇಶ ಮಾಡಿತು. ನನ್ನ ತಾತನಂಥ ಎಷ್ಟೋ ಜನ ಮೊದಲ ಸಲ ಕ್ಯಾಮೆರಾ ನೋಡಿದ್ದು ಆಗಲೇ.

ಈಗ ಆ ಸ್ಟುಡಿಯೊದಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ. ಹಿಂದಿನ ಕೋಣೆಯಲ್ಲಿ ನೆಗೆಟಿವ್ ತುಂಬಿದ ನಾಲ್ಕು ಗೋಣಿಚೀಲ. ಅದರಲ್ಲಿರುವ ಬೆಳ್ಳಿ ತೆಗೆಯುವವರು ತೂಕಕ್ಕೆ ಕೇಳಿಕೊಂಡು ಬಂದಿದ್ದರಂತೆ. ನಮ್ಮ ಸುತ್ತಮುತ್ತಲ ಊರುಗಳ ಮೂವತ್ತು ವರ್ಷದ ಮದುವೆ, ನಾಮಕರಣ, ಸಾವು ಎಲ್ಲ ಅದರಲ್ಲಿದೆ. ನಾನು ಒಂದು ಚೀಲ ಮನೆಗೆ ತಂದಿದ್ದೇನೆ. ಬಿಳಿ ಪರದೆಯ ಮೊಬೈಲ್ ಮೇಲೆ ಒಂದೊಂದೇ ಇಟ್ಟು, ಇನ್ನೊಂದು ಮೊಬೈಲಿನಲ್ಲಿ ತೆಗೆದು, ಬಣ್ಣ ತಿರುಗಿಸಿ ನೋಡುತ್ತಿದ್ದೇನೆ. ಯಾವುದಾದರೂ ಮದುವೆ ಪಂಕ್ತಿಯಲ್ಲಿ ತಾತ ಸಿಕ್ಕಾರು ಅಂತ.