ಜೂನ್ ತಿಂಗಳಿಗೆ ಬೇಕಾದ ಹಣ

ಬಡ ಮಕ್ಕಳ ಕಾಲೇಜು ಓದಿಗೆ ಸರ್ಕಾರ ಹಣ ಕೊಡಬೇಕೆಂಬ ಮಾತು ಕನ್ನಡ ನಾಡಿಗೆ ಹೊಸದಲ್ಲ. 1918ರಲ್ಲಿ ಮೈಸೂರು ಸಂಸ್ಥಾನ ನೇಮಿಸಿದ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನಾವು ನೌಕರಿಯ ಮೀಸಲಾತಿಗಾಗಿ ನೆನೆಯುತ್ತೇವೆ. ಆದರೆ ಹಿಂದುಳಿದವರ ಮಕ್ಕಳಿಗೆ ವಿದ್ಯಾರ್ಥಿವೇತನವೂ ವಿದ್ಯಾರ್ಥಿನಿಲಯವೂ ಬೇಕೆಂದು ಹೇಳಿದ್ದೂ ಅದೇ ಸಮಿತಿ. ಶುಲ್ಕದ ಜೊತೆಗೆ ಊಟ, ವಸತಿಯ ಚಿಂತೆಯೂ ಅದಕ್ಕಿತ್ತು. 1942ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೊಗೆ ಮನವಿ ಕೊಟ್ಟು ಪರಿಶಿಷ್ಟ ಜಾತಿಯವರ ಉನ್ನತ ಶಿಕ್ಷಣಕ್ಕೆ ಹಣ ಕೇಳಿದವರು ಅಂಬೇಡ್ಕರ್. 1944ರಲ್ಲಿ ಆರಂಭವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇಂದಿಗೂ ನಡೆಯುತ್ತಿದೆ. ಮುಂದೆ ಅದು ಪರಿಶಿಷ್ಟ ಪಂಗಡಕ್ಕೂ, ಹಿಂದುಳಿದ ವರ್ಗಗಳಿಗೂ, ಅಲ್ಪಸಂಖ್ಯಾತರಿಗೂ ವಿಸ್ತರಿಸಿತು. ಯಾರಿಗೆ ಕೊಡಬೇಕು ಎಂಬ ಪ್ರಶ್ನೆಗೆ ಹೀಗೆ ದಶಕದಿಂದ ದಶಕಕ್ಕೆ ಒಳ್ಳೆಯ ಉತ್ತರ ಸಿಗುತ್ತಾ ಬಂತು. ಯಾವಾಗ ಕೊಡಬೇಕು ಎಂಬುದನ್ನು ಮಾತ್ರ ಯಾವ ಕಾಲದಲ್ಲೂ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಈ ಕ್ಷೇತ್ರದ ದೊಡ್ಡ ಕೊರತೆ ಅದೇ ಎಂಬುದು ನನ್ನ ವಾದ.

ಕರ್ನಾಟಕ ತಾನಾಗಿ ರೂಪಿಸಿದ ಎರಡು ಯೋಜನೆಗಳನ್ನು ನೋಡಿ. 2013ರ ನಂತರ ಬಂದ ವಿದ್ಯಾಸಿರಿ, ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡಲು ಹೊರಟಿತು. ದಿನಕ್ಕೆ 50 ರೂಪಾಯಿ. ಅದರಲ್ಲೇ ಊಟ, ಅದರಲ್ಲೇ ಬಾಡಿಗೆ. ಮೊತ್ತ ಸಣ್ಣದಾದರೂ ಯೋಚನೆ ಸರಿಯಾಗಿತ್ತು, ಏಕೆಂದರೆ ಸರ್ಕಾರಿ ಪದವಿ ಕಾಲೇಜಿನಲ್ಲಿ ಹುಡುಗನನ್ನು ಹಿಂದಕ್ಕೆಳೆಯುವುದು ಶುಲ್ಕಕ್ಕಿಂತ ಹೆಚ್ಚಾಗಿ ರೂಮು, ಬಸ್ಸು, ಊಟದ ಖರ್ಚು. 2021ರ ರೈತ ವಿದ್ಯಾನಿಧಿ ಬೇರೆ ದಾರಿ ಹಿಡಿಯಿತು. ಜಾತಿಯನ್ನಾಗಲೀ ಆದಾಯವನ್ನಾಗಲೀ ನೋಡದೆ ರೈತರ ಮಕ್ಕಳೆಂಬ ಕಾರಣಕ್ಕೆ ಬಿ.ಎ., ಬಿ.ಕಾಂ. ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ಕೊಟ್ಟಿತು. ಆದರೆ ಪಹಣಿ ಇದ್ದವರಷ್ಟೇ ದಾಖಲೆಯಲ್ಲಿ ರೈತರು. ಅದೇ ಹೊಲದಲ್ಲಿ ಕಳೆ ಕೀಳುವ ಕೂಲಿಯವರ ಮಕ್ಕಳು ಮೊದಲ ಸುತ್ತಿನಲ್ಲಿ ಹೊರಗುಳಿದರು, ಆಮೇಲೆ ಸೇರಿಸಲಾಯಿತು. ಬಡತನವನ್ನು ಕಾಗದದಿಂದ ಅಳೆಯಲು ಹೋದಾಗಲೆಲ್ಲ ಕಾಗದವೇ ಇಲ್ಲದವರು, ಅಂದರೆ ಎಲ್ಲರಿಗಿಂತ ಬಡವರು, ಕೊನೆಗೆ ಉಳಿಯುತ್ತಾರೆ.

ಕೇಂದ್ರದ ನೆರವಿನ ಕಥೆ ಇನ್ನೂ ಕಣ್ಣು ತೆರೆಸುವಂಥದು. ಹಳೆಯ ಸೂತ್ರದಲ್ಲಿ ಹೆಚ್ಚಿನ ಹೊಣೆ ರಾಜ್ಯಗಳ ಹೆಗಲಿಗೆ ಬಿದ್ದು, ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಹಲವೆಡೆ ನೆಲಕಚ್ಚಿತ್ತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಐದು ವರ್ಷಕ್ಕೆ 59,048 ಕೋಟಿಯ ಯೋಜನೆಗೆ ಒಪ್ಪಿ, ನೂರರಲ್ಲಿ 60 ಪಾಲು ತನ್ನದು, 40 ಪಾಲು ರಾಜ್ಯದ್ದು ಎಂದಿತು. ಇದು ದೊಡ್ಡ ಹೆಜ್ಜೆ, ಮನಸಾರೆ ಮೆಚ್ಚಬೇಕಾದ್ದು. ಆದರೂ ಹೊಸ ನಿಯಮದಲ್ಲಿ ಮನೆಯಿಂದ ಓಡಾಡಿ ಸಾಮಾನ್ಯ ಪದವಿ ಓದುವ ವಿದ್ಯಾರ್ಥಿಗೆ ಸಿಗುವ ಭತ್ಯೆ ವರ್ಷಕ್ಕೆ 3,000 ರೂಪಾಯಿ, ತಿಂಗಳಿಗೆ 250. ಪೋಷಕರ ಆದಾಯ ಎರಡೂವರೆ ಲಕ್ಷ ದಾಟಬಾರದು. ಗಂಡ ಹೆಂಡತಿ ಇಬ್ಬರೂ ದಿನಕ್ಕೆ 420 ರೂಪಾಯಿಯಂತೆ 300 ದಿನ ದುಡಿದರೆ ಆ ಗೆರೆ ದಾಟಿಬಿಡುತ್ತಾರೆ. ರಾಜ್ಯದ ಪಾಲು ಖಾತೆಗೆ ಬಿದ್ದ ಮೇಲಷ್ಟೇ ಕೇಂದ್ರದ ಪಾಲು ಬಿಡುಗಡೆಯಾಗುತ್ತದೆ. ರಾಜ್ಯ ತಡಮಾಡಿದರೆ ಎರಡೂ ತಡ.

ಹಣ ನೇರ ಖಾತೆಗೆ ಹೋಗುವ ಪದ್ಧತಿ ಬಂದ ಮೇಲೆ ಎಲ್ಲ ಸರಿಹೋಯಿತಲ್ಲ ಎಂದು ಕೇಳುವವರಿದ್ದಾರೆ. ಸೋರಿಕೆಯ ಭಯ ಸುಳ್ಳಲ್ಲ. ಹಿಮಾಚಲ ಪ್ರದೇಶದಲ್ಲಿ ಖಾಸಗಿ ಸಂಸ್ಥೆಗಳು ವಿದ್ಯಾರ್ಥಿವೇತನ ನುಂಗಿದ ಆರೋಪ ಸಿಬಿಐ ತನಿಖೆಯವರೆಗೂ ಹೋಯಿತು. ನಮ್ಮ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ) ಅಂಥ ಕೈಗಳನ್ನು ದೂರವಿಟ್ಟಿದ್ದು ನಿಜವಾದ ಲಾಭ. ಆದರೆ ಅಲ್ಲಿ ಅರ್ಜಿ ಪೂರ್ತಿಯಾಗಲು ಏನೇನು ಬೇಕು ನೋಡಿ: ಆಧಾರ್, ನಾಡಕಚೇರಿಯ ಜಾತಿ-ಆದಾಯ ಪತ್ರದ ಆರ್‌ಡಿ ಸಂಖ್ಯೆ, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಕಾಲೇಜಿನ ಅಧಿಕಾರಿಯ ಇ-ದೃಢೀಕರಣ, ಆಧಾರ್ ಸೀಡಿಂಗ್ ಆದ ಬ್ಯಾಂಕ್ ಖಾತೆ. ಹೆಸರಿನ ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಅರ್ಜಿ ನಿಂತುಹೋಗಬಹುದು. ಕಳ್ಳನನ್ನು ತಡೆಯುವ ಬೇಲಿಗೆ ಸಿಕ್ಕಿಕೊಳ್ಳುವವಳು ಸೈಬರ್ ಅಂಗಡಿಯ ಮುಂದೆ ಕೂಲಿ ಬಿಟ್ಟು ನಿಂತ ತಾಯಿ.

ಹೀಗೆ ತಡವಾಗುವ ಬದಲು ಕಾಲೇಜು ತೆರೆಯುವಾಗಲೇ ಹಣ ಕೊಟ್ಟರೆ ಓದು ಬಿಟ್ಟು ಹೋಗುವವರೂ ಇರುತ್ತಾರೆ ಎಂಬ ಆಕ್ಷೇಪವೂ ಇದೆ. ಕೆಲವರು ಇರಬಹುದು. ಕಂತುಗಳಲ್ಲಿ ಕೊಟ್ಟು, ಎರಡನೆಯ ಕಂತನ್ನು ಹಾಜರಾತಿಗೆ ಕಟ್ಟಿದರೆ ಆ ನಷ್ಟ ಸಣ್ಣದು. ಜೂನ್‌ನಲ್ಲಿ ಪ್ರವೇಶಕ್ಕೆಂದು ಸಾಲ ಮಾಡಿ, ವಿದ್ಯಾರ್ಥಿವೇತನ ಬರುವ ಹೊತ್ತಿಗೆ ಬಡ್ಡಿ ತೀರಿಸುತ್ತಾ ಕೂತ ಮನೆಗೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. ದಾರಿ ಕಷ್ಟದ್ದೇನಲ್ಲ. ನಮ್ಮಲ್ಲಿ ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಪದವಿ ಮೂರು ವರ್ಷದ್ದು. ಮೊದಲ ವರ್ಷ ಒಮ್ಮೆ ಅರ್ಹತೆ ಗೊತ್ತಾದರೆ ಮೂರೂ ವರ್ಷಕ್ಕೆ ಅದೇ ನಡೆಯಲಿ. ಕಾಲೇಜು ತೆರೆಯುವ ವಾರವೇ ರಾಜ್ಯ ಸರ್ಕಾರ ತನ್ನ 40 ಪಾಲನ್ನು ವಿದ್ಯಾರ್ಥಿಯ ಖಾತೆಗೆ ಹಾಕಲಿ. ಮುಂದಿನ ಬಜೆಟ್ ಬರೆಯುವವರು ಹೊಸ ಹೆಸರಿನ ಇನ್ನೊಂದು ಯೋಜನೆ ಘೋಷಿಸುವ ಮೊದಲು ಈ ಒಂದು ಕೆಲಸ ಮಾಡಲಿ.